ಟಿಕ್ ಮಾಡದೆ ಬಿಟ್ಟ ಕಾಲಂ: ಒಂದು ಕಾಲೇಜು ಅರ್ಜಿಯ ಪ್ರಕರಣ

2024ರ ಅಕ್ಟೋಬರ್ ಕೊನೆಯ ಶನಿವಾರ. ರಾತ್ರಿ ಒಂಬತ್ತರ ಹೊತ್ತಿಗೆ ಅಕ್ಕನ ಫೋನ್ ಬಂತು. "ಒಂದ್ಸಲ ಮನೆಗೆ ಬಂದು ಹೋಗೇ. ಅಪ್ಪ ಮಗಳು ಮಾತು ಬಿಟ್ಟು ಎರಡು ದಿನ ಆಯ್ತು" ಅಂದಳು. ನಾವಿಬ್ಬರೂ ಇರುವುದು ನ್ಯೂಜೆರ್ಸಿಯಲ್ಲಿ. ಅವರ ಮನೆಗೂ ನಮ್ಮ ಮನೆಗೂ ಅರ್ಧ ಗಂಟೆಯ ದಾರಿ. ಹೊರಟೆ.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಪಕ್ಕದಲ್ಲಿ ಯಾರೂ ಮುಟ್ಟದ ಚಿತ್ರಾನ್ನ ತಣ್ಣಗಾಗಿತ್ತು. ಅಕ್ಕನ ಮಗಳಿಗೆ ಆಗ ಹದಿನೇಳು ವರ್ಷ, ಹೈಸ್ಕೂಲಿನ ಕೊನೇ ವರ್ಷ. ನವೆಂಬರ್ 1ರ ಒಳಗೆ ಒಂದು ಕಾಲೇಜಿಗೆ ಮುಂಗಡ ಅರ್ಜಿ ಹೋಗಬೇಕಿತ್ತು. ಪರದೆಯ ಮೇಲೆ ಇದ್ದದ್ದು ಕಾಮನ್ ಆಪ್. ಇಲ್ಲಿ ಮಕ್ಕಳು ಒಂದೇ ಅರ್ಜಿ ತುಂಬಿ, ಸಾವಿರಕ್ಕೂ ಹೆಚ್ಚು ಕಾಲೇಜುಗಳಲ್ಲಿ ತಮಗೆ ಬೇಕಾದವಕ್ಕೆ ಕಳಿಸುವ ವ್ಯವಸ್ಥೆ ಅದು.

ಜಗಳ ಶುರುವಾದದ್ದು ಜನಾಂಗದ ಕಾಲಂನಿಂದ. ಆದರೆ ಬೆಳೆದದ್ದು ಬೇರೆ ಕಡೆಗೆ. ಆ ಒಂದು ವಾರದಲ್ಲಿ ಏನೇನಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಅಕ್ಕ, ಭಾವ, ಮಗಳು ಮೂವರೂ "ಬರಿ, ಆದ್ರೆ ಹೆಸರು ಬೇಡ" ಅಂದಿದ್ದಾರೆ. ನಮ್ಮವರ ಎಷ್ಟೋ ಮನೆಗಳಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಇದೇ ಮಾತು ನಡೆಯುತ್ತದೆ. ನಾನೂ ಒಂದು ಕಮ್ಯುನಿಟಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ವರ್ಷಕ್ಕೊಮ್ಮೆ ಫೆಡರಲ್ ಸರ್ಕಾರಕ್ಕೆ ಜನಾಂಗವಾರು ಲೆಕ್ಕ ಕೊಡುವವರಲ್ಲಿ ನಾನೂ ಒಬ್ಬಳು. ಹಾಗಾಗಿ ಈ ಕಾಲಂನ ಎರಡೂ ತುದಿ ನನಗೆ ಗೊತ್ತು.

ಅರ್ಜಿಯಿಂದ ಏನೇನು ಹೋಗಿತ್ತು

ಕಾಮನ್ ಆಪ್‌ನಲ್ಲಿ ಜನಾಂಗದ ಬಗ್ಗೆ ಎರಡು ಹಂತದ ಪ್ರಶ್ನೆ ಇದೆ. ನೀವು ಹಿಸ್ಪಾನಿಕ್ ಅಥವಾ ಲ್ಯಾಟಿನೋ ಹೌದೋ ಅಲ್ಲವೋ ಅನ್ನುವುದು ಮೊದಲನೆಯದು. ಅದಾದ ಮೇಲೆ ಐದು ಬಾಕ್ಸ್: ಅಮೆರಿಕದ ಮೂಲನಿವಾಸಿ, ಏಷ್ಯನ್, ಕಪ್ಪು ಅಥವಾ ಆಫ್ರಿಕನ್ ಅಮೆರಿಕನ್, ಹವಾಯಿ ಮತ್ತು ಪೆಸಿಫಿಕ್ ದ್ವೀಪಗಳವರು, ಬಿಳಿಯರು. ಒಂದಕ್ಕಿಂತ ಜಾಸ್ತಿ ಟಿಕ್ ಮಾಡಬಹುದು. ಏಷ್ಯನ್ ಒತ್ತಿದರೆ ದೇಶಗಳ ಪಟ್ಟಿ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಇಂಡಿಯಾ ಇದೆ. ಯಾವುದೂ ಕಡ್ಡಾಯವಲ್ಲ. ಖಾಲಿ ಬಿಟ್ಟು ಮುಂದೆ ಹೋಗಬಹುದು.

ಆಗಸ್ಟ್‌ನಲ್ಲಿ ಅವಳು ಏಷ್ಯನ್, ಇಂಡಿಯಾ ಅಂತ ಟಿಕ್ ಮಾಡಿದ್ದಳು. ಸೆಪ್ಟೆಂಬರ್‌ನಲ್ಲಿ ಭಾವ ಒಬ್ಬ ಖಾಸಗಿ ಸಲಹೆಗಾರರನ್ನು ಗೊತ್ತು ಮಾಡಿದರು. ಗಂಟೆ ಲೆಕ್ಕದಲ್ಲಿ ದುಡ್ಡು. ಅವರು ಮೊದಲ ವಿಡಿಯೋ ಕಾಲ್‌ನಲ್ಲೇ ಹೇಳಿದ್ದು ಇಷ್ಟು: ಜನಾಂಗದ ಕಾಲಂ ಖಾಲಿ ಬಿಡಿ. ಭರತನಾಟ್ಯ, ಶಾಸ್ತ್ರೀಯ ಸಂಗೀತ, ಗಣಿತದ ಸ್ಪರ್ಧೆ, ವಲಸೆ ಬಂದ ಅಪ್ಪ ಅಮ್ಮನ ಕಥೆ, ಇವೆಲ್ಲ ಒಟ್ಟಿಗೆ ಬೇಡ. ಓದುವವರಿಗೆ "ಇನ್ನೊಬ್ಬಳು ಇಂಡಿಯನ್ ಹುಡುಗಿ" ಅನ್ನಿಸಬಾರದು.

ಅವರು ಅಷ್ಟು ಹೇಳಿ ಮುಗಿಸಿದರು. ಭಾವ ಅಲ್ಲಿಗೆ ನಿಲ್ಲಲಿಲ್ಲ. ಭಯ ಒಂದು ಸಲ ಒಳಗೆ ಬಂದರೆ ಮನೆಯೆಲ್ಲ ಗುಡಿಸುತ್ತದೆ ನೋಡಿ. ಅರ್ಜಿಯಲ್ಲಿ ಭಾಷೆಗೊಂದು ಜಾಗ ಇದೆ. ನಿಮಗೆ ಯಾವ ಯಾವ ಭಾಷೆ ಬರುತ್ತದೆ ಅಂತ ಕೇಳುತ್ತಾರೆ. ಪ್ರತಿ ಭಾಷೆಯ ಮುಂದೆ ಬಾಕ್ಸ್‌ಗಳಿವೆ: ಮೊದಲ ಭಾಷೆ, ಮಾತಾಡುತ್ತೇನೆ, ಓದುತ್ತೇನೆ, ಬರೆಯುತ್ತೇನೆ, ಮನೆಯಲ್ಲಿ ಆಡುತ್ತೇವೆ. ಅಲ್ಲಿ ಅವಳು ಇಂಗ್ಲಿಷ್ ಜೊತೆಗೆ ಕನ್ನಡ ಹಾಕಿದ್ದಳು. ಭಾವ ಅದನ್ನು ತೆಗೆಸಿದರು.

ಆಮೇಲೆ ಚಟುವಟಿಕೆಗಳ ಪಟ್ಟಿ. ಓದಿನ ಆಚೆಗೆ ಮಾಡಿದ್ದನ್ನು ಹತ್ತು ಸಾಲಿನ ಒಳಗೆ ಹೇಳಬೇಕು. ಒಂದೊಂದರ ವಿವರಣೆಗೆ ಸಿಗುವುದು 150 ಅಕ್ಷರ ಮಾತ್ರ. ಬಿಟ್ಟ ಜಾಗವೂ ಲೆಕ್ಕಕ್ಕೆ. ಅವಳ ಎರಡನೇ ಸಾಲಿನಲ್ಲಿ ಭಾನುವಾರದ ಕನ್ನಡ ತರಗತಿ ಇತ್ತು. ಮೂರು ವರ್ಷದಿಂದ ಅವಳು ಅಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಾಳೆ. ಏಳು ಮಕ್ಕಳು, ಎಲ್ಲರೂ ಇಲ್ಲೇ ಹುಟ್ಟಿದವರು. ಪುಸ್ತಕ ಕಂಡರೆ ಆಕಳಿಸುವ ಆ ಮಕ್ಕಳಿಗೆ ಅವಳು ಬಸ್ ಬೋರ್ಡ್ ಓದಿಸುತ್ತಾಳೆ. ಭಾವನ ಅಪ್ಪ ಹಾಸನದಲ್ಲಿದ್ದಾರೆ. ಬೆಳಗಿನ ವಾಕಿಂಗ್ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋಗಿ, ಬೋರ್ಡ್‌ಗಳ ಫೋಟೋ ತೆಗೆದು ಮೊಮ್ಮಗಳಿಗೆ ವಾಟ್ಸಾಪ್ ಮಾಡುತ್ತಾರೆ. ಬೇಲೂರು, ಅರಸೀಕೆರೆ, ಸಕಲೇಶಪುರ, ಚನ್ನರಾಯಪಟ್ಟಣ. ಮಕ್ಕಳು ಕೂಗಿ ಕೂಗಿ ಓದುತ್ತವೆ. ಹೊಳೆನರಸೀಪುರ ತಡವರಿಸದೆ ಓದಿದವರಿಗೆ ಒಂದು ಚಾಕಲೇಟ್.

ಇದನ್ನೆಲ್ಲ ಆ ಹುಡುಗಿ 150 ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಹಿಡಿದಿಟ್ಟಿದ್ದಳು. ತಾತ, ಬಸ್ ಬೋರ್ಡ್, ಏಳು ಮಕ್ಕಳು, ಎಲ್ಲ ಇತ್ತು. ಗುರುವಾರ ರಾತ್ರಿ ಭಾವ ಅದನ್ನು ಅಳಿಸಿ ಹೊಸದಾಗಿ ಬರೆದರು. "ಮಕ್ಕಳಿಗೆ ಒಂದು ಭಾಷೆ ಕಲಿಸಿದೆ" ಅನ್ನುವಷ್ಟೇ ಅರ್ಥ. ಯಾವ ಭಾಷೆ ಅಂತ ಇರಲಿಲ್ಲ.

ಅವತ್ತಿಂದ ಅವಳು ಅಪ್ಪನ ಹತ್ತಿರ ಮಾತಾಡಿರಲಿಲ್ಲ.

ಭಾವನ ತಲೆಯಲ್ಲಿ ಇದ್ದದ್ದು ಸಿಇಟಿ

ಭಾವ ಕೆಟ್ಟವರಲ್ಲ. ಕನ್ನಡದ ಮೇಲೆ ಪ್ರೀತಿ ಇಲ್ಲದವರೂ ಅಲ್ಲ. ಮಗಳು ಅಂಬೆಗಾಲಿಡುವಾಗಿನಿಂದ ಮನೆಯಲ್ಲಿ ಕನ್ನಡವೇ ಆಗಬೇಕು ಅಂತ ಹಠ ಹಿಡಿದವರೇ ಅವರು. ಅಂಥವರು ಹೀಗೇಕೆ ಮಾಡಿದರು ಅಂತ ನನಗೆ ಅರ್ಥವಾಗಬೇಕಿತ್ತು. ಕೇಳಿದೆ.

ಅವರು ಸಿಇಟಿ ಬರೆದದ್ದು 1996ರಲ್ಲಿ. ಅಪ್ಪನ ಜೊತೆ ಹಾಸನದಿಂದ ಬೆಂಗಳೂರಿಗೆ ಕೌನ್ಸೆಲಿಂಗ್‌ಗೆ ಬಂದಿದ್ದರು. ಕೈಯಲ್ಲಿ ಸರ್ಟಿಫಿಕೇಟ್‌ಗಳ ಫೈಲು. ಅವರದು ಜಿಎಂ, ಅಂದರೆ ಜನರಲ್ ಮೆರಿಟ್. ಒಂದೊಂದು ಕೆಟಗರಿಯಲ್ಲಿ ಎಷ್ಟು ಸೀಟು ಉಳಿದಿದೆ ಅಂತ ಪರದೆಯ ಮೇಲೆ ಕಾಣುತ್ತಿತ್ತಂತೆ. ತಮ್ಮ ಸರದಿ ಬರುವ ಹೊತ್ತಿಗೆ ಬೇಕಾಗಿದ್ದ ಬ್ರಾಂಚ್‌ನ ಜಿಎಂ ಸೀಟುಗಳು ಒಂದೊಂದಾಗಿ ಇಳಿದು ಖಾಲಿಯಾದದ್ದನ್ನು ಕೂತು ನೋಡಿದರಂತೆ. "ಕಾಲಂ ಅಂದ್ರೆ ಸೀಟು ಕಣಮ್ಮಾ. ಯಾವ ಕಾಲಂನಲ್ಲಿ ಇದ್ದೀವೋ ಅದರ ಮೇಲೆ ಜೀವನ" ಅಂದರು. ಈ ಮಾತು ಹೇಳುವಾಗ ಅವರ ದನಿ ಸಣ್ಣಗಾಗಿತ್ತು.

ನಮ್ಮ ಮೀಸಲಾತಿಗೆ ಅದರದೇ ಕಾರಣ ಇದೆ, ನೂರಾರು ವರ್ಷದ ನೋವಿದೆ. ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಭಾವ ಮಾಡಿದ ತಪ್ಪು ಬೇರೆ. ಬೆಂಗಳೂರಿನ ಆ ಪರದೆಯನ್ನು ತಂದು ಅವರು ಅಮೆರಿಕದ ಈ ಕಾಲಂ ಮೇಲೆ ಇಟ್ಟಿದ್ದರು. ಇಲ್ಲಿನ ಕಾಲಂ ಆ ಥರದ್ದಲ್ಲ. ಇದಕ್ಕೆ ತಹಸೀಲ್ದಾರರ ಸರ್ಟಿಫಿಕೇಟ್ ಬೇಡ, ಯಾರೂ ತಾಳೆ ನೋಡುವುದಿಲ್ಲ. ಇಂತಿಷ್ಟು ಸೀಟು ಇಂಥವರಿಗೆ ಅಂತ ತೆಗೆದಿಡುವುದನ್ನು ಇಲ್ಲಿನ ಸುಪ್ರೀಂ ಕೋರ್ಟ್ 1978ರಲ್ಲೇ, ಬ್ಯಾಕಿ ಪ್ರಕರಣದಲ್ಲಿ, ಬೇಡ ಅಂದಿತ್ತು. ಮಿಷಿಗನ್ ವಿಶ್ವವಿದ್ಯಾಲಯ ಅಲ್ಪಸಂಖ್ಯಾತ ಅರ್ಜಿದಾರರಿಗೆ ಸುಮ್ಮನೆ 20 ಅಂಕ ಸೇರಿಸುತ್ತಿತ್ತು. ಅದನ್ನೂ 2003ರಲ್ಲಿ ಕೋರ್ಟ್ ಹೊಡೆದುಹಾಕಿತು. ಅದೇ ದಿನ ಇನ್ನೊಂದು ತೀರ್ಪಿನಲ್ಲಿ, ಹತ್ತು ವಿಷಯಗಳ ಜೊತೆಗೆ ಜನಾಂಗವನ್ನೂ ಒಂದು ವಿಷಯವಾಗಿ ನೋಡಬಹುದು ಅಂತ ಒಪ್ಪಿತು. ಇಪ್ಪತ್ತು ವರ್ಷ ಇಲ್ಲಿ ನಡೆದದ್ದು ಅಷ್ಟೇ.

ಆದರೆ "ನಿಮ್ಮ ಭಯ ಸುಳ್ಳು" ಅಂತ ಅವರಿಗೆ ಹೇಳಲು ನನ್ನಿಂದ ಆಗಲಿಲ್ಲ. ಯಾಕೆಂದರೆ ಪೂರ್ತಿ ಸುಳ್ಳಲ್ಲ. 2014ರಲ್ಲಿ ಸ್ಟೂಡೆಂಟ್ಸ್ ಫಾರ್ ಫೇರ್ ಅಡ್ಮಿಷನ್ಸ್ ಅನ್ನುವ ಸಂಘಟನೆ, ಏಷ್ಯನ್ ಅರ್ಜಿದಾರರಿಗೆ ಭೇದ ಮಾಡುತ್ತಿದೆ ಅಂತ ಹಾರ್ವರ್ಡ್ ಮೇಲೆ ಕೇಸ್ ಹಾಕಿತು. 2018ರ ಅಕ್ಟೋಬರ್‌ನಲ್ಲಿ ಬಾಸ್ಟನ್‌ನಲ್ಲಿ ವಿಚಾರಣೆ ನಡೆಯಿತು. ಓದಿನಲ್ಲಿ ಮೇಲಿನ ಶೇ. 10ರ ಗುಂಪಿಗೆ ಸೇರಿದ ಅರ್ಜಿದಾರರಲ್ಲಿ ಎಷ್ಟು ಜನಕ್ಕೆ ಸೀಟು ಸಿಕ್ಕಿದೆ ಅನ್ನುವ ಲೆಕ್ಕ ಹೊರಗೆ ಬಂತು. ಕಪ್ಪು ವಿದ್ಯಾರ್ಥಿಗಳಲ್ಲಿ ಶೇ. 56.1, ಹಿಸ್ಪಾನಿಕ್ ವಿದ್ಯಾರ್ಥಿಗಳಲ್ಲಿ ಶೇ. 31.3, ಬಿಳಿಯರಲ್ಲಿ ಶೇ. 15.3, ಏಷ್ಯನ್ ಅಮೆರಿಕನ್ನರಲ್ಲಿ ಶೇ. 12.7. ಇನ್ನೊಂದು ವಿಷಯ ಇದಕ್ಕಿಂತ ಹೆಚ್ಚು ಚುಚ್ಚುವಂಥದ್ದು. ವ್ಯಕ್ತಿತ್ವಕ್ಕೆ ಅಂತ ಹಾರ್ವರ್ಡ್ ಒಂದು ಅಂಕ ಕೊಡುತ್ತಿತ್ತು. ಅದರಲ್ಲಿ ಏಷ್ಯನ್ ಅರ್ಜಿದಾರರಿಗೆ ಸರಾಸರಿ ಕಡಿಮೆ ಬೀಳುತ್ತಿತ್ತು. ಹಾರ್ವರ್ಡ್ ಪರವಾಗಿ ಡೇವಿಡ್ ಕಾರ್ಡ್, ಎದುರು ಪಕ್ಷಕ್ಕೆ ಪೀಟರ್ ಆರ್ಸಿಡಿಯಾಕೊನೊ, ಇಬ್ಬರು ಅರ್ಥಶಾಸ್ತ್ರಜ್ಞರು ಅದೇ ಅಂಕಿಗಳನ್ನು ಇಟ್ಟುಕೊಂಡು ತದ್ವಿರುದ್ಧ ವಾದ ಮಾಡಿದರು. ಬೇಕೆಂದೇ ಭೇದ ಮಾಡಿದ್ದಕ್ಕೆ ಸಾಕ್ಷಿ ಇಲ್ಲ ಅಂತ ವಿಚಾರಣಾ ನ್ಯಾಯಾಧೀಶೆ 2019ರಲ್ಲಿ ಹೇಳಿದರು. ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಅಪ್ಪ ಅಮ್ಮಂದಿರ ಮನಸ್ಸಿನಲ್ಲಿ ಉಳಿದದ್ದು ತೀರ್ಪಲ್ಲ, ಆ 12.7 ಮತ್ತು ಆ ವ್ಯಕ್ತಿತ್ವದ ಅಂಕ. ಮಗುವನ್ನು ನೋಡದೇನೇ "ಇವಳ ವ್ಯಕ್ತಿತ್ವ ಸ್ವಲ್ಪ ಕಮ್ಮಿ" ಅಂತ ಯಾರೋ ಬರೆದಿಟ್ಟರೆ ಯಾವ ತಂದೆಗೆ ತಡೆದುಕೊಳ್ಳಲು ಆಗುತ್ತದೆ, ಹೇಳಿ.

ಮುಚ್ಚಿಟ್ಟದ್ದನ್ನೇ ಮುಚ್ಚಿಡುವುದು

ಭಾವನಿಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ದುಡ್ಡು ತೆಗೆದುಕೊಂಡ ಸಲಹೆಗಾರರೂ ಅದನ್ನು ಬಿಡಿಸಿ ಹೇಳಿರಲಿಲ್ಲ. ನನಗೆ ಬೇಜಾರಾದದ್ದು ಅದಕ್ಕೇ.

2023ರ ಜೂನ್ 29ರಂದು ಸುಪ್ರೀಂ ಕೋರ್ಟ್ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕೇಸುಗಳಲ್ಲಿ ತೀರ್ಪು ಕೊಟ್ಟಿತು. ಸೀಟು ಕೊಡುವಾಗ ಜನಾಂಗವನ್ನು ನೋಡುವುದು ಅಲ್ಲಿಗೆ ನಿಂತುಹೋಯಿತು. ಅದೇ ವರ್ಷದ ಆಗಸ್ಟ್ 1ರಿಂದ ಕಾಮನ್ ಆಪ್ ಕಾಲೇಜುಗಳಿಗೆ ಒಂದು ಅನುಕೂಲ ಮಾಡಿಕೊಟ್ಟಿತು. ವಿದ್ಯಾರ್ಥಿ ಜನಾಂಗದ ಕಾಲಂನಲ್ಲಿ ಏನು ಟಿಕ್ ಮಾಡಿದ್ದರೂ ಅರ್ಜಿ ಓದುವವರಿಗೆ ಕಾಣದ ಹಾಗೆ ಕಾಲೇಜು ಅದನ್ನು ಮರೆಮಾಡಬಹುದು. ನಮ್ಮ ಹುಡುಗಿ ಅರ್ಜಿ ಹಾಕುತ್ತಿದ್ದ ಕಾಲೇಜುಗಳ ಪುಟಗಳನ್ನು ಅವತ್ತು ರಾತ್ರಿ ಒಂದೊಂದಾಗಿ ತೆಗೆದು ತೋರಿಸಿದೆ. ಓದುವವರಿಗೆ ಆ ಉತ್ತರ ಕಾಣುವುದಿಲ್ಲ ಅಂತ ಅಲ್ಲೇ ಬರೆದಿತ್ತು.

"ನೀವು ಮುಚ್ಚಿಡ್ತಿರೋದನ್ನ ಅವರು ಆಗಲೇ ಮುಚ್ಚಿಟ್ಟಿದ್ದಾರೆ ಭಾವ" ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಏನೂ ಅನ್ನಲಿಲ್ಲ.

ಇನ್ನು ಕಾಣುವುದೆಲ್ಲ ಹಾಗೇ ಕಾಣುತ್ತಿತ್ತು. ಮೊದಲನೆಯದು ಹೆಸರು. ನಮ್ಮ ಕಡೆಯ ಎಷ್ಟೋ ಜನರ ಹಾಗೆ ಭಾವನದೂ ಇನಿಷಿಯಲ್ ಇದ್ದ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಊರಿನ ಹೆಸರನ್ನೇ ಸರ್‌ನೇಮ್ ಮಾಡಿಕೊಂಡರು. ಈಗ ಮಗಳ ಹೆಸರಿನ ಕೊನೆಯಲ್ಲೂ ಹಾಸನ ಜಿಲ್ಲೆಯ ಒಂದು ಹಳ್ಳಿ ಕೂತಿದೆ. ಅದನ್ನು ಎಲ್ಲಿ ಅಡಗಿಸುವುದು? ಆಮೇಲೆ ಕುಟುಂಬದ ಪುಟ. ಅಪ್ಪ ಅಮ್ಮ ಯಾವ ಕಾಲೇಜಿನಲ್ಲಿ ಓದಿದರು ಅಂತ ಕೇಳುತ್ತಾರೆ. ಅಲ್ಲಿ ಮೈಸೂರಿನ ಇಂಜಿನಿಯರಿಂಗ್ ಕಾಲೇಜು, ಅಕ್ಕನ ಹಾಸನದ ಸೈನ್ಸ್ ಕಾಲೇಜು ಎರಡೂ ಇದ್ದವು. ಶಾಲೆಯ ಕೌನ್ಸೆಲರ್ ಪತ್ರ, ಟೀಚರ್‌ಗಳ ಪತ್ರ ಬೇರೆ. ಕನ್ನಡ ತೆಗೆದದ್ದರಿಂದ ಓದುವವರಿಗೆ ಇವಳು ಇಂಡಿಯನ್ ಅಂತ ಗೊತ್ತಾಗುವುದು ತಪ್ಪುತ್ತಿರಲಿಲ್ಲ. ಇವಳು ಭಾನುವಾರ ಬೆಳಿಗ್ಗೆ ಏನು ಮಾಡುತ್ತಾಳೆ ಅನ್ನುವುದು ಮಾತ್ರ ಗೊತ್ತಾಗದೆ ಹೋಗುತ್ತಿತ್ತು.

ಇನ್ನೂ ಒಂದಿದೆ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ತೀರ್ಪಿನ ಕೊನೆಯಲ್ಲಿ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ಜನಾಂಗ ತನ್ನ ಬದುಕನ್ನು ಹೇಗೆ ಮುಟ್ಟಿದೆ ಅಂತ ವಿದ್ಯಾರ್ಥಿ ತಾನೇ ಬರೆದರೆ, ಅದನ್ನು ಆ ವಿದ್ಯಾರ್ಥಿಯ ಗುಣ, ಸಾಮರ್ಥ್ಯದ ಜೊತೆ ಸೇರಿಸಿ ಓದಲು ಅಡ್ಡಿಯಿಲ್ಲ. ಆದರೆ ಪ್ರಬಂಧದ ಹೆಸರಿನಲ್ಲಿ ಹಳೇ ಪದ್ಧತಿಯನ್ನೇ ಹಿಂಬಾಗಿಲಿಂದ ತರಬಾರದು ಅಂತಲೂ ಎಚ್ಚರಿಸಿದ್ದಾರೆ. ಇದಾದ ಮೇಲೆ ಕಾಲೇಜುಗಳು ಪ್ರಬಂಧದ ಪ್ರಶ್ನೆಗಳನ್ನೇ ಬದಲಾಯಿಸಿದವು. ಸಾರಾ ಲಾರೆನ್ಸ್ ಕಾಲೇಜಂತೂ ತೀರ್ಪಿನ ಆ ಸಾಲನ್ನೇ ಎತ್ತಿ ಪ್ರಶ್ನೆ ಮಾಡಿತು. ಈಗ ನೋಡಿ, ಟಿಕ್‌ಗೆ ಬೆಲೆ ಹೋಗಿದೆ, ಮಗು ತನ್ನ ಬಾಯಲ್ಲಿ ಹೇಳುವ ಮಾತಿಗೆ ಬೆಲೆ ಉಳಿದಿದೆ. ಇಂಥ ಹೊತ್ತಿನಲ್ಲಿ ನಾವು ಆ ಮಾತನ್ನೇ ಅಳಿಸುತ್ತಿದ್ದೆವು.

ಅವಳು ಹೇಳಿದ್ದು

ಭಾನುವಾರ ಬೆಳಿಗ್ಗೆ ಕನ್ನಡ ತರಗತಿಗೆ ಅವಳನ್ನು ನಾನೇ ಕರೆದುಕೊಂಡು ಹೋದೆ. ಕಾರಿನಲ್ಲಿ ಕೇಳಿದೆ, "ಟಿಕ್ ವಾಪಸ್ ಹಾಕೋಣ್ವಾ?"

ಬೇಡ ಅಂದಳು. ನನಗೆ ಆಶ್ಚರ್ಯವಾಯಿತು.

"ಚಿಕ್ಕಿ, ಆ ಬಾಕ್ಸ್ ಖಾಲಿ ಇದ್ರೆ ನನಗೇನೂ ಅನ್ನಿಸಲ್ಲ. ಏಷ್ಯನ್ ಅಂದ್ರೆ ನನ್ನ ಬಗ್ಗೆ ಏನು ಗೊತ್ತಾಗುತ್ತೆ? ನನ್ನ ಫ್ರೆಂಡ್ ಕೊರಿಯನ್. ಅವಳ ಅಜ್ಜಿ, ನನ್ನ ತಾತ ಇಬ್ಬರೂ ಒಂದೇ ಬಾಕ್ಸ್. ಅವರಿಬ್ಬರನ್ನ ಪಕ್ಕ ಕೂರಿಸಿದ್ರೆ ಏನು ಮಾತಾಡ್ತಾರೆ? ಆದ್ರೆ ಕನ್ನಡ ತೆಗೆದದ್ದು ಸರಿಯಿಲ್ಲ. ಅದನ್ನ ನಾನು ಕಷ್ಟಪಟ್ಟು ಕಲಿತದ್ದು."

ಇದನ್ನು ಕೇಳಿದ ಮೇಲೆ ಈ ವಿಷಯವನ್ನು ನಾನು ನೋಡುವ ರೀತಿ ಬದಲಾಯಿತು. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಎರಡೇ ದಾರಿ ಇದ್ದವು: ಟಿಕ್ ಮಾಡಿದರೆ ಧೈರ್ಯ, ಬಿಟ್ಟರೆ ಅಂಜಿಕೆ. ಅವಳಿಗೆ ಹಾಗಿರಲಿಲ್ಲ. ಖಾಲಿ ಬಿಡುವುದು ಅವಳಿಗೆ ಅಂಜಿಕೆಯೇ ಅಲ್ಲ. ಯಾರೋ ಮಾಡಿಟ್ಟ ದೊಡ್ಡ ಡಬ್ಬಿಯೊಳಗೆ ತಾನಾಗಿ ಹೋಗಿ ಕೂರಬೇಕಾಗಿಲ್ಲ ಅಂತ ಅವಳ ಎಣಿಕೆ. ಆದರೆ ತಾನು ದುಡಿದು ಸಂಪಾದಿಸಿದ್ದನ್ನು ಅಡಗಿಸುವುದು ಬೇರೆ. ಅದು ನಾಚಿಕೆ ಪಡು ಅಂತ ಹೇಳಿಕೊಟ್ಟ ಹಾಗೆ. ಅಪ್ಪ ಮಾಡಿದ ಎರಡು ಕೆಲಸ ಮೇಲುನೋಟಕ್ಕೆ ಒಂದೇ ಥರ ಕಂಡರೂ ಅವಳು ಅವೆರಡನ್ನೂ ಬೇರೆ ಬೇರೆಯಾಗಿ ತೂಗಿದ್ದಳು. ಹದಿನೇಳರ ಹುಡುಗಿಗೆ ಇಷ್ಟು ಸ್ಪಷ್ಟವಾಗಿ ಕಂಡದ್ದು ನಮಗೆ ಕಂಡಿರಲಿಲ್ಲ.

ಆ ಡಬ್ಬಿಯ ಬಗ್ಗೆ ಅವಳಿಗೆ ಅನುಮಾನ ಬಂದದ್ದು ತಪ್ಪೂ ಅಲ್ಲ. ಇಂಡಿಯನ್ನರನ್ನು ಯಾವ ಬಾಕ್ಸ್‌ನಲ್ಲಿ ಇಡಬೇಕು ಅಂತ ಈ ದೇಶಕ್ಕೇ ಎಷ್ಟೋ ವರ್ಷ ಗೊತ್ತಾಗಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವವರು ಪೌರತ್ವಕ್ಕಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು ಅವರು. ನೀವು ಬಿಳಿಯರಲ್ಲ ಅಂತ ಕೋರ್ಟ್ ಹೇಳಿತು. 1920, 1930, 1940ರ ಜನಗಣತಿಯಲ್ಲಿ ನಮ್ಮವರ ಜನಾಂಗ "ಹಿಂದೂ". ಸಿಖ್ಖರೂ ಮುಸ್ಲಿಮರೂ ಅದರಲ್ಲೇ. 1970ರಲ್ಲಿ ಅದೇ ನಮ್ಮವರನ್ನು ಬಿಳಿಯರ ಜೊತೆ ಎಣಿಸಿದರು. ವಲಸಿಗರ ಸಂಘದವರು ಓಡಾಡಿ ಕೇಳಿಕೊಂಡ ಮೇಲೆ 1980ರಲ್ಲಿ "ಏಷ್ಯನ್ ಇಂಡಿಯನ್" ಅನ್ನುವ ಬಾಕ್ಸ್ ಬಂತು. ಭಾವ ಇದನ್ನು ಕೇಳಿ, "1970ರಲ್ಲಿ ಬಂದಿದ್ರೆ ನಾನು ಬಿಳಿಯ ಆಗ್ತಿದ್ನಾ?" ಅಂತ ಬಹಳ ಹೊತ್ತು ಸುಮ್ಮನೆ ಕೂತರು.

ಭಾನುವಾರ ಸಂಜೆ

ಮೇಜಿನ ಸುತ್ತ ನಾಲ್ಕೂ ಜನ ಕೂತೆವು. ಜನಾಂಗದ ಕಾಲಂ ಹಾಗೇ ಖಾಲಿ ಉಳಿಯಿತು, ಅವಳ ಇಷ್ಟದಂತೆ. ಇಲ್ಲಿ ಒಂದು ಮಾತು. ಖಾಲಿ ಬಿಡುವುದು ಸುಳ್ಳಲ್ಲ. ಆದರೆ ಅಲ್ಲದ್ದನ್ನು ಟಿಕ್ ಮಾಡುವುದು ಸುಳ್ಳು. ಹೇಳಿದ್ದೆಲ್ಲ ನಿಜ ಅಂತ ಅರ್ಜಿಯ ಕೊನೆಯಲ್ಲಿ ಸಹಿ ಹಾಕಬೇಕು. ಸುಳ್ಳು ಅಂತ ಗೊತ್ತಾದರೆ ಸಿಕ್ಕ ಸೀಟೂ ಹೋಗಬಹುದು. ಇಲ್ಲಿನ ಕನ್ನಡ ಕೂಟದಲ್ಲಿ ಯಾರೋ ಒಬ್ಬರು ಭಾವನಿಗೆ ಆ ಸಲಹೆಯನ್ನೂ ಕೊಟ್ಟಿದ್ದರಂತೆ. ಅದನ್ನು ಅವರು ತಲೆಗೇ ಹಾಕಿಕೊಂಡಿರಲಿಲ್ಲ, ಪುಣ್ಯ.

ಭಾಷೆಯ ಜಾಗಕ್ಕೆ ಬಂದೆವು. ಕನ್ನಡವನ್ನು ಮತ್ತೆ ಸೇರಿಸಿದಳು. ಮಾತಾಡುತ್ತೇನೆ, ಟಿಕ್. ಮನೆಯಲ್ಲಿ ಆಡುತ್ತೇವೆ, ಟಿಕ್. ಓದುತ್ತೇನೆ ಅನ್ನುವಲ್ಲಿ ಮೌಸ್ ನಿಂತಿತು. ಆಗಸ್ಟ್‌ನಲ್ಲಿ ಅವಳು ಅದನ್ನು ಟಿಕ್ ಮಾಡಿರಲಿಲ್ಲ. "ನಿಧಾನ ಓದ್ತೀನಿ, ಅದು ಲೆಕ್ಕಕ್ಕೆ ಬರುತ್ತಾ?" ಅಂತ ಕೇಳಿದಳು. ಭಾವ ಫೋನ್ ತೆಗೆದರು. ಅವತ್ತು ಬೆಳಿಗ್ಗೆ ತಾತ ಕಳಿಸಿದ್ದ ಫೋಟೋ ಇತ್ತು. ಕೆಂಪು ಬಸ್ಸು, ಮುಂದಿನ ಗಾಜಿನ ಮೇಲೆ ಬೋರ್ಡು, ಅರ್ಧ ಅಕ್ಷರಕ್ಕೆ ಬಿಸಿಲು ಹೊಡೆದು ಮಸುಕಾಗಿತ್ತು. ಮಾತಾಡದೆ ಮಗಳ ಮುಂದೆ ಹಿಡಿದರು. ಅವಳು ಕಣ್ಣು ಕಿರಿದು ಮಾಡಿ ಓದಿದಳು: "ಹಾಸನ, ಹಳೇಬೀಡು, ಜಾವಗಲ್."

ಭಾವ ತಾವೇ ಕೈ ಚಾಚಿ ಓದುತ್ತೇನೆ ಅನ್ನುವುದಕ್ಕೆ ಟಿಕ್ ಮಾಡಿದರು. ಗುರುವಾರದಿಂದ ನಿಂತಿದ್ದ ಮಾತು ಅಲ್ಲಿ ಶುರುವಾಯಿತು. ಬರೆಯುತ್ತೇನೆ ಅನ್ನುವುದನ್ನು ಅವಳೇ ಬಿಟ್ಟಳು. "ಒತ್ತಕ್ಷರ ಇನ್ನೂ ತಪ್ಪುತ್ತೆ" ಅಂದಳು. 150 ಅಕ್ಷರದ ಹಳೇ ವಿವರಣೆ ಅವಳ ನೋಟ್ಸ್‌ನಲ್ಲಿ ಇತ್ತು, ಅದನ್ನು ವಾಪಸ್ ಅಂಟಿಸಿದಳು. ಅಕ್ಕ ಒಳಗೆ ಹೋಗಿ ಕಾಫಿಗೆ ಹಾಲಿಟ್ಟಳು.

ಫಲಿತಾಂಶ, ಮತ್ತು ಅದರಿಂದ ಏನು ಗೊತ್ತಾಗುವುದಿಲ್ಲ

ಡಿಸೆಂಬರ್‌ನಲ್ಲಿ ಮುಂಗಡ ಅರ್ಜಿಗೆ ಉತ್ತರ ಬಂತು. ಬೇಡ ಅನ್ನಲಿಲ್ಲ, ಆಮೇಲೆ ನೋಡುತ್ತೇವೆ ಅಂದರು. ಮಾರ್ಚ್ ಮುಗಿಯುವ ಹೊತ್ತಿಗೆ ಎರಡು ಕಡೆ ಇಲ್ಲ, ಒಂದು ಕಡೆ ವೇಟಿಂಗ್ ಲಿಸ್ಟ್, ಎರಡು ಕಡೆ ಹೌದು. ಅದರಲ್ಲಿ ಒಂದಕ್ಕೆ ಸೇರಿದಳು.

ಖಾಲಿ ಬಿಟ್ಟದ್ದು ವರ್ಕ್ ಆಯ್ತಾ ಅಂತ ಕೂಟದಲ್ಲಿ ತುಂಬ ಜನ ಕೇಳಿದರು. ಓದುವವರಿಗೆ ಕಾಣದೇ ಇದ್ದ ಕಾಲಂನಿಂದ ಸೀಟು ಸಿಗುವುದೂ ಇಲ್ಲ, ತಪ್ಪುವುದೂ ಇಲ್ಲ ಅಂತ ನಾನು ಪ್ರತಿಯೊಬ್ಬರಿಗೂ ಹೇಳಿದೆ. ಹಾಸನದ ಬಸ್ ಬೋರ್ಡ್‌ನಿಂದ ಸೀಟು ಸಿಕ್ಕಿತು ಅಂತಲೂ ನಾನು ಹೇಳಲಾರೆ. ಒಂದು ಅರ್ಜಿ, ಐದು ಕಾಲೇಜು. ಇದರಿಂದ ಕಾರಣ ಹುಡುಕುವುದು ಸರಿಯಲ್ಲ.

ಆದರೆ ಸಾವಿರಾರು ಮಕ್ಕಳು ಒಟ್ಟಿಗೆ ಕಾಲಂ ಖಾಲಿ ಬಿಟ್ಟರೆ ಏನಾಗುತ್ತದೆ ಅನ್ನುವುದು ಕಾಣುತ್ತದೆ. ನಾವು ಸರ್ಕಾರಕ್ಕೆ ಕೊಡುವ ಲೆಕ್ಕದಲ್ಲಿ "ಜನಾಂಗ ಗೊತ್ತಿಲ್ಲ" ಅಂತ ಒಂದು ಸಾಲು ಇದೆ. ತೀರ್ಪಿನ ನಂತರ ಸೇರಿದ ಮೊದಲ ಬ್ಯಾಚ್‌ನಲ್ಲಿ, ಅಂದರೆ 2024ರಲ್ಲಿ, ಹಾರ್ವರ್ಡ್‌ನಲ್ಲಿ ಜನಾಂಗ ಹೇಳದವರು ಶೇ. 4ರಿಂದ 8ಕ್ಕೆ ಏರಿದರು. ಪ್ರಿನ್ಸ್‌ಟನ್‌ನಲ್ಲಿ ಶೇ. 1.8ರಿಂದ 7.7ಕ್ಕೆ. ಅದೇ ವರ್ಷ ಪ್ರಿನ್ಸ್‌ಟನ್‌ನಲ್ಲಿ ಏಷ್ಯನ್ ಅಮೆರಿಕನ್ನರು ಶೇ. 26ರಿಂದ 23.8ಕ್ಕೆ ಇಳಿದರು. ನಿಜವಾಗಿ ಇಳಿದರೋ, ಇಲ್ಲಾ ಖಾಲಿ ಬಿಟ್ಟವರ ಸಾಲಿಗೆ ಹೋಗಿ ಕೂತರೋ? ಆ ಅಂಕಿಗಳಿಂದ ಹೇಳಲು ಸಾಧ್ಯವೇ ಇಲ್ಲ. ನಮಗೆ ಅನ್ಯಾಯವಾಗಿದೆ ಅಂತ ತೋರಿಸಲು ಬೇಕಾದ ಲೆಕ್ಕವೇ ನಾವು ಖಾಲಿ ಬಿಟ್ಟಾಗ ಮಸುಕಾಗುತ್ತದೆ. 2025ರ ಆಗಸ್ಟ್‌ನಲ್ಲಿ ಫೆಡರಲ್ ಸರ್ಕಾರ ಅರ್ಜಿ ಹಾಕಿದವರದು, ಸೀಟು ಸಿಕ್ಕವರದು ಎಲ್ಲ ಜನಾಂಗವಾರು ಬೇಕು ಅಂತ ಹೊಸದಾಗಿ ಕೇಳಿದೆ. ಖಾಲಿ ಕಾಲಂಗಳು ಅಲ್ಲೂ ಬಂದೇ ಬರುತ್ತವೆ.

ಇನ್ನೊಂದನ್ನೂ ಹೇಳಬೇಕು. ಕೂಟದಲ್ಲಿ ನಾವು ಮಾತಾಡುವುದೆಲ್ಲ ನಮ್ಮ ಮಕ್ಕಳ ಬಗ್ಗೆ. ಎಂಐಟಿಯಲ್ಲಿ ಹಿಂದಿನ ವರ್ಷಗಳಲ್ಲಿ ಕಪ್ಪು ವಿದ್ಯಾರ್ಥಿಗಳು ಸರಾಸರಿ ಶೇ. 13 ಇದ್ದರು, 2024ರಲ್ಲಿ ಅದು 5ಕ್ಕೆ ಇಳಿಯಿತು. ಆ್ಯಮ್‌ಹರ್ಸ್ಟ್ ಕಾಲೇಜಿನಲ್ಲಿ 11ರಿಂದ 3ಕ್ಕೆ. ಅವರ ಮನೆಗಳಲ್ಲೂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇತ್ತು, ಅಪ್ಪ ಅಮ್ಮ ಇದ್ದರು. ನಮ್ಮ ಭಯದ ಬಗ್ಗೆ ಮಾತಾಡುವಾಗ ಈ ಅಂಕಿಗಳೂ ನನ್ನ ಕಣ್ಣ ಮುಂದೆ ಬರುತ್ತವೆ.

ಬೆಂಗಳೂರು, ಮೈಸೂರಿನಿಂದ ನೇರವಾಗಿ ಅರ್ಜಿ ಹಾಕುವ ಮಕ್ಕಳ ಮನೆಯವರೂ ನನಗೆ ಇದೇ ಪ್ರಶ್ನೆ ಕೇಳುತ್ತಾರೆ. ಅವರ ವಿಷಯ ಇನ್ನೂ ಸುಲಭ. ಸ್ಟೂಡೆಂಟ್ ವೀಸಾದಲ್ಲಿ ಬರುವವರನ್ನು ನಾವು "ಹೊರದೇಶದವರು" ಅನ್ನುವ ಬೇರೆ ಸಾಲಿನಲ್ಲಿ ಎಣಿಸುತ್ತೇವೆ. ಅವರ ಜನಾಂಗ ಯಾವುದೇ ಆಗಿರಲಿ, ಏಷ್ಯನ್ ಸಾಲಿಗೆ ಬರುವುದಿಲ್ಲ. ಆ ಕಾಲಂ ಬಗ್ಗೆ ಸಲಹೆ ಕೊಡುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ದಯವಿಟ್ಟು ಕೊಡಬೇಡಿ. ಕ್ಯಾಲಿಫೋರ್ನಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳ ಕಥೆ ಇನ್ನೂ ಹಳೆಯದು. 1996ರಲ್ಲಿ ಅಲ್ಲಿನ ಜನ ಮತ ಹಾಕಿ ಪ್ರಾಪೊಸಿಷನ್ 209 ತಂದಾಗಿನಿಂದ ಅಲ್ಲಿ ಸೀಟಿಗೆ ಜನಾಂಗ ನೋಡುವಂತಿಲ್ಲ.

2025ರ ಜೂನ್‌ನಲ್ಲಿ ಸೇರಿದ ಕಾಲೇಜಿನಿಂದ ಅವಳಿಗೆ ಇನ್ನೊಂದು ಫಾರಂ ಬಂತು. ಅದೇ ಎರಡು ಪ್ರಶ್ನೆ, ಅದೇ ಐದು ಬಾಕ್ಸ್. ಸೀಟು ಆಗಲೇ ಸಿಕ್ಕಿತ್ತು. ಹೈಸ್ಕೂಲಿನವರೆಗೆ ಮನೆಯವರು ಹೇಳದಿದ್ದರೆ ಶಾಲೆಯವರೇ ಮಗುವನ್ನು ನೋಡಿ ಜನಾಂಗ ಬರೆದುಕೊಳ್ಳಬೇಕು ಅಂತ ನಿಯಮ. ಕಾಲೇಜಿನಲ್ಲಿ ಹಾಗಿಲ್ಲ. ವಿದ್ಯಾರ್ಥಿ ಹೇಳಿದರೆ ಉಂಟು, ಇಲ್ಲದಿದ್ದರೆ "ಗೊತ್ತಿಲ್ಲ" ಸಾಲಿಗೆ. ಅವಳು ನನಗೆ ಫೋನ್ ಮಾಡಿ, "ಚಿಕ್ಕಿ, ಇದನ್ನ ಯಾರು ನೋಡ್ತಾರೆ?" ಅಂತ ಕೇಳಿದಳು. ನನ್ನಂಥವರು ನೋಡುತ್ತಾರೆ, ಕೂಡಿಸಿ ಸರ್ಕಾರಕ್ಕೆ ಕಳಿಸುತ್ತಾರೆ ಅಂದೆ.

"ಸೀಟಿಗಲ್ಲ, ಬರೀ ಎಣಿಸೋಕಾ?"

"ಹೌದು, ಎಣಿಸೋಕೆ."

"ಹಾಗಾದ್ರೆ ಎಣಿಸಿಕೊಳ್ಳಲಿ ಬಿಡು" ಅಂದು ಏಷ್ಯನ್, ಇಂಡಿಯಾ ಎರಡಕ್ಕೂ ಟಿಕ್ ಮಾಡಿದಳು. ಆ ಕಾಲೇಜಿನ "ಗೊತ್ತಿಲ್ಲ" ಸಾಲಿನಲ್ಲಿ ಒಂದು ಕಡಿಮೆಯಾಯಿತು.